ಟೊರ್ವಿಕ್ ಗುಡ್ಡದ ಎರಡು ಗೀರು

ಏಪ್ರಿಲ್ ಕೊನೆಯ ಮಂಗಳವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ವರ್ಲಿನ್ ಹೌಗ್‌ಸ್ಟಾಡ್ ರಸ್ತೆ ಸಮ ಮಾಡುವ ತನ್ನ ಗ್ರೇಡರನ್ನು ಟೊರ್ವಿಕ್ ಗುಡ್ಡದ ಬುಡದಲ್ಲಿ ನಿಲ್ಲಿಸಿ, ಎಂಜಿನ್ ಆರಿಸದೆ ಕೆಳಗಿಳಿದ. ಹಿಂದಿನ ಮಧ್ಯಾಹ್ನ ಸಣ್ಣ ಮಳೆ ಬಂದಿತ್ತು. ಜಲ್ಲಿ ರಸ್ತೆಯ ಮೇಲ್ಮೈ ಮೆತ್ತಗಾಗಿತ್ತು; ಅದರ ಮೇಲೆ ಎರಡು ಸೈಕಲ್ ಟೈರಿನ ಗೀರುಗಳು ಗುಡ್ಡದ ಕಡೆಗೆ ಹೋಗಿದ್ದವು. ಎಡಗಡೆಯದು ಯಾರದೆಂದು ಅವನಿಗೆ ಗೊತ್ತಿತ್ತು. ಅಂಚಿನಲ್ಲಿ ವಜ್ರದಾಕಾರದ ಸಣ್ಣ ಹಲ್ಲುಗಳಿರುವ ಆ ಟೈರನ್ನು ಮಾರ್ಚಿನಲ್ಲಿ ಅವನೇ ಹೆಂಡತಿ ರೆನೇಯ ಸೈಕಲ್ಲಿಗೆ ಹಾಕಿದ್ದ. ಬಲಗಡೆಯದು ಸ್ವಲ್ಪ ಅಗಲ. ಅದು ಯಾರದೋ ಗೊತ್ತಾಗಲಿಲ್ಲ.

ಗೀರುಗಳ ಪಕ್ಕದಲ್ಲೇ ನಡೆದುಕೊಂಡು ಅವನು ಗುಡ್ಡ ಹತ್ತಿದ. ಒಂದೂಕಾಲು ಮೈಲಿಯ ಏರು. ನಡುವಿನ ತಿರುವು ನಡೆದು ಹೋಗುವವರೂ ಮಂಡಿಗೆ ಕೈ ಊರುವಷ್ಟು ಕಡಿದು. ಅಲ್ಲಿಯೂ ಗೀರು ಅಂಕುಡೊಂಕಾಗಿರಲಿಲ್ಲ, ಕಾಲು ಕೆಳಗಿಟ್ಟ ಶೂ ಗುರುತಿರಲಿಲ್ಲ. ಒಬ್ಬರ ಹಿಂದೆ ಒಬ್ಬರು ಹೋಗಿದ್ದರೆ ಒಂದು ಗೀರು ಇನ್ನೊಂದರ ಮೇಲೆ ಎಲ್ಲಾದರೂ ಬೀಳಬೇಕಿತ್ತು. ಬಿದ್ದಿರಲಿಲ್ಲ. ಒಂದೂವರೆ ಮೊಳ ಅಂತರದಲ್ಲಿ, ಬುಡದಿಂದ ತುದಿಯವರೆಗೆ, ಎರಡೂ ಅಕ್ಕಪಕ್ಕದಲ್ಲೇ ಹೋಗಿದ್ದವು. ಅಕ್ಕಪಕ್ಕ ಹತ್ತುವವರು ಮಾತಾಡಿಕೊಂಡು ಹತ್ತುತ್ತಾರೆ. ವರ್ಲಿನ್ ಜೊತೆ ಹತ್ತುವಾಗ ರೆನೇ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಉತ್ತರ ಕೊಡುವಷ್ಟು ಉಸಿರು ಅವನಲ್ಲಿ ಇರುತ್ತಿರಲಿಲ್ಲ.

ಗುಡ್ಡದ ತುದಿಯಲ್ಲಿ ನಿಂತು ಅವನು ಎರಡೂ ಗೀರುಗಳನ್ನು ಇನ್ನೊಮ್ಮೆ ನೋಡಿದ. ಆಮೇಲೆ ಕೆಳಗಿಳಿದು ಬಂದು ಗ್ರೇಡರ್ ಹತ್ತಿದ.

ವರ್ಲಿನ್‌ಗೆ ಐವತ್ತೇಳು. ಮಿನ್ನೆಸೋಟದ ಆಗ್ನೇಯ ಮೂಲೆಯ ಸೋಲ್‌ಬರ್ಗ್ ಊರಿನ ಸುತ್ತಮುತ್ತ ಎಂಬತ್ತನಾಲ್ಕು ಮೈಲಿ ಜಲ್ಲಿ ರಸ್ತೆಯನ್ನು ಇಪ್ಪತ್ತಾರು ವರ್ಷಗಳಿಂದ ನೋಡಿಕೊಳ್ಳುತ್ತಿರುವವನು ಅವನೇ. ಮಳೆ ಬಿದ್ದ ಮೇಲೆ ಗ್ರೇಡರಿನ ಬ್ಲೇಡನ್ನು ರಸ್ತೆಗೆ ಒರಸಿ, ಬದಿಗೆ ಸರಿದ ಜಲ್ಲಿಯನ್ನು ನಡುವಿಗೆ ಎಳೆದು, ಎದ್ದ ಅಲೆಗಳನ್ನು ಸಮ ಮಾಡುವುದು ಅವನ ಕೆಲಸ. ಬೇರೆಯವರು ಬೆಳಗಿನ ಕಾಫಿಯೊಂದಿಗೆ ಪತ್ರಿಕೆ ಓದಿದರೆ ಅವನು ರಸ್ತೆ ಓದುತ್ತಾನೆ. ಹಾಲಿನ ಟ್ಯಾಂಕರ್ ಎಷ್ಟು ಹೊತ್ತಿಗೆ ಹೋಯಿತು, ಮೋಟಾರು ವಾಹನ ಬಳಸದ ಆಮಿಷ್ ಪಂಥದ ಯಾವ ಮನೆಯ ಕುದುರೆಗಾಡಿ ಯಾವ ಮನೆಗೆ ತಿರುಗಿತು, ಶಾಲೆಯ ಬಸ್ಸಿನ ಯಾವ ಟೈರು ಸವೆದಿದೆ, ಎಲ್ಲ ಅವನಿಗೆ ಗೊತ್ತಾಗುತ್ತದೆ.

ಸೈಕಲ್ ಹಿಡಿದದ್ದು ಒಂಬತ್ತು ವರ್ಷಗಳ ಹಿಂದೆ. ದಿನವಿಡೀ ಕೂತು ಬಲ ಮಂಡಿ ಹಿಡಿದುಕೊಂಡಿತ್ತು. ವೈದ್ಯರು ಏನಾದರೂ ತುಳಿ ಎಂದರು. ಆ ವರ್ಷದ ಮೇ ತಿಂಗಳಲ್ಲೇ ಅವನು 'ಸೋಲ್‌ಬರ್ಗ್ ನೂರು' ತುಳಿದ. ಊರಿನಿಂದ ಹೊರಟು ಗುಡ್ಡಗಳನ್ನು ಹತ್ತಿಳಿದು ಊರಿಗೇ ಮರಳುವ ನೂರು ಮೈಲಿ, ಹೆಚ್ಚುಕಡಿಮೆ ಪೂರ್ತಿ ಜಲ್ಲಿ ರಸ್ತೆ. ಪ್ರವೇಶ ಶುಲ್ಕವಿಲ್ಲ. ಜನವರಿಯಲ್ಲಿ ಒಂದು ಪೋಸ್ಟ್‌ಕಾರ್ಡಿನ ಮೇಲೆ ಹೆಸರು, ವಯಸ್ಸು, ಎಷ್ಟು ದೂರ, ಯಾಕೆ ಬರುತ್ತೀರಿ ಎಂಬ ಒಂದು ಸಾಲು ಬರೆದು ಕಳಿಸಬೇಕು, ಅಷ್ಟೇ. ಮೂರು ವರ್ಷಗಳಿಂದ ನೂರರವತ್ತು ಮೈಲಿಯದೂ ಇದೆ. ಊರಿನವರು ಅದನ್ನು ದೊಡ್ಡ ಸುತ್ತು ಅನ್ನುತ್ತಾರೆ.

ಐದು ವರ್ಷಗಳ ಹಿಂದೆ ಅವನು ರೆನೇಯನ್ನೂ ಕರೆದ. ಅವಳಿಗೆ ಈಗ ಐವತ್ತನಾಲ್ಕು, ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಅಡುಗೆ ಮಾಡುತ್ತಾಳೆ. ಸೈಕಲ್ಲನ್ನು ಅವನೇ ಜೋಡಿಸಿಕೊಟ್ಟ. ಮೊದಲ ವರ್ಷ ಅವಳು ಮೂರು ಗುಡ್ಡಗಳನ್ನು ತಳ್ಳಿಕೊಂಡು ಹತ್ತಿದಳು. ಅವನು ಮೂರರ ತುದಿಯಲ್ಲೂ ಕಾದು ನಿಂತ. ಮೂರನೇ ವರ್ಷ ಅವಳು ಮೊದಲು ತುದಿ ಮುಟ್ಟಿದಳು. ಅವಳೂ ಕಾದಳು. ಹೋದ ವರ್ಷ ಏಳು ಗುಡ್ಡಗಳ ಮೇಲೆ ಅವಳು ಅವನಿಗಾಗಿ ನಿಂತಿದ್ದಳು. ಯಾರು ಯಾರಿಗೆ ಕಾದರೂ ಐದೂ ವರ್ಷ ಅವರು ಮುಕ್ತಾಯದ ಗೆರೆಯನ್ನು ಜೊತೆಯಲ್ಲೇ ದಾಟಿದ್ದರು. ವರ್ಲಿನ್‌ಗೆ ಬೇಕಾದದ್ದು ಅದೊಂದೇ. ಈ ವರ್ಷ ಆ ಜಾಗ ಬೇರೆ ಯಾರದೋ ಪಾಲಾಗುತ್ತಿದೆ ಎಂದು ಅವನಿಗೆ ಆ ಮಂಗಳವಾರ ಅನ್ನಿಸಿತು.

ಹತ್ತು ಗಂಟೆಯ ಕಾಫಿಗೆ ಕೌಂಟಿಯ ಶೆಡ್ಡಿಗೆ ಬಂದಾಗ ಅಲ್ಲಿ ಟ್ರಕ್ ಓಡಿಸುವ ಓರಿನ್ ಕೂತಿದ್ದ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

"ಏನಯ್ಯಾ, ಮುಖ ಒಡೆದ ಹಾಲಿನ ತರ ಇದೆ?"

"ಏನಿಲ್ಲ."

"ಏನಿಲ್ಲ ಅಂದ್ರೆ ಏನೋ ಇದೆ. ನಿನ್ನೆ ಸಂಜೆ ನಿನ್ನ ಹೆಂಡತಿ ಟೊರ್ವಿಕ್ ಕಡೆ ಹೋಗ್ತಿದ್ಲು. ಜೊತೆಗೆ ಕಿತ್ತಳೆ ಜಾಕೆಟ್ಟಿನವರು ಯಾರೋ."

"ಯಾರು?"

"ನಾನು ಟ್ರಕ್ ಓಡಿಸ್ತಿದ್ದೆ ಮಾರಾಯ, ಹೆಸರು ಕೇಳೋಕೆ ನಿಲ್ಲಿಸ್ಲಿಲ್ಲ. ಹೆಲ್ಮೆಟ್ ಹಾಕ್ಕೊಂಡ್ರೆ ಎಲ್ರೂ ಅಣಬೆ ತರಾನೇ ಕಾಣ್ತಾರೆ. ಕಾಲು ಮಾತ್ರ ಒಳ್ಳೆ ಉದ್ದ."

"ಗಂಡಸಾ?"

"ಕಾಲು ಉದ್ದ ಅಂದೆ. ಮಿಕ್ಕಿದ್ದು ನೀನೇ ಊಹಿಸ್ಕೋ."

ವರ್ಲಿನ್ ಊಹಿಸಿಕೊಂಡ. ಸೋಲ್‌ಬರ್ಗಿನಲ್ಲಿ ಉದ್ದ ಕಾಲಿನ ಸೈಕಲ್ ಸವಾರರು ನಾಲ್ವರು: ದನದ ಡಾಕ್ಟರು, ಇಬ್ಬರು ಮೇಷ್ಟರು, ಗಿಣ್ಣು ಕಾರ್ಖಾನೆಯ ಮೇಲ್ವಿಚಾರಕ. ಆ ದಿನ ಆರು ಮೈಲಿ ರಸ್ತೆ ಸಮ ಮಾಡುವಷ್ಟರಲ್ಲಿ ಅವನು ನಾಲ್ವರ ಮೇಲೂ ಸರದಿಯಂತೆ ಹಲ್ಲು ಕಡಿದ.

ಸಂಜೆ ಊಟದ ಮೇಜಿನಲ್ಲಿ ಮಾಂಸ, ಆಲೂಗಡ್ಡೆ ಕೂಡಿಸಿ ಬೇಯಿಸಿದ ಹಾಟ್‌ಡಿಶ್ ಬಡಿಸಿಕೊಳ್ಳುತ್ತಾ, ಮಾತು ರಸ್ತೆಯ ಬಗ್ಗೆ ಎಂಬಂತೆ ತೆಗೆದ.

"ಟೊರ್ವಿಕ್ ಇವತ್ತು ನೋಡ್ದೆ. ಚೆನ್ನಾಗಿ ಕೂತಿದೆ."

"ಹೌದು, ನಿನ್ನೆ ಹೋಗಿದ್ವಿ," ಎಂದಳು ರೆನೇ.

"ಹೋಗಿದ್ವಿ ಅಂದ್ರೆ?"

"ನಾನು, ಅರ್ಡೆಲ್."

ಅರ್ಡೆಲ್ ಕೂಲ್‌ಮನ್ ಮೂವತ್ತೊಂದು ವರ್ಷ ಊರಿನ ಪೋಸ್ಟ್ ಮಾಸ್ಟರ್ ಆಗಿದ್ದು ನಿವೃತ್ತಳಾದವಳು. ಅರವತ್ತಾರು ವಯಸ್ಸು, ಆರು ಅಡಿಗೆ ಒಂದಂಗುಲ ಕಮ್ಮಿ ಎತ್ತರ.

"ಅವಳ ಸೊಂಟದ ಕೀಲು ಬದಲಾಯಿಸಿದ್ರಲ್ವಾ?"

"ಎರಡು ವರ್ಷ ಆಯ್ತು. ಹೊಸದು ಹಳೇದಕ್ಕಿಂತ ವಾಸಿ ಅಂತಾಳೆ."

"ಅಷ್ಟೊಂದು ಏನು ಮಾತಾಡ್ತೀರಿ?"

ರೆನೇ ತಲೆ ಎತ್ತಿದಳು. "ಮಾತಾಡ್ತೀವಿ ಅಂತ ಯಾರು ಹೇಳಿದ್ದು?"

"ರಸ್ತೆ."

ಅವಳು ನಕ್ಕಳು. "ಯಾರ ಮನೆಗೆ ಯಾರ ಕಾಗದ ಬರ್ತಿತ್ತು ಅಂತ ಅವಳಿಗೆ ಪೂರ್ತಿ ಗೊತ್ತು. ಆದ್ರೆ ಹೇಳಲ್ಲ. ಅವಳು ಹೇಳದೇ ಇರೋದನ್ನ ಕೇಳೋದೇ ಒಂದು ಮಜ."

ಉದ್ದ ಕಾಲಿನ ಗಂಡಸಾಗಿದ್ದರೆ ಕೋಪವನ್ನಾದರೂ ಮಾಡಿಕೊಳ್ಳಬಹುದಿತ್ತು. ಅರವತ್ತಾರರ, ಸೊಂಟದಲ್ಲಿ ಲೋಹದ ಕೀಲಿರುವ ಹೆಂಗಸಿನ ಮೇಲೆ ಹೊಟ್ಟೆ ಉರಿಯುತ್ತಿದೆ ಎಂದು ಯಾರಿಗೆ ಹೇಳಿಕೊಳ್ಳುವುದು? ಆ ಹೆಂಗಸು ಗುಡ್ಡ ಹತ್ತುತ್ತಾ ಮಾತಾಡಬಲ್ಲಳು. ಅವನಿಗೆ ಆಗುತ್ತಿರಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆಯ ಗ್ಯಾರೇಜಿನಲ್ಲಿ ಒಂದೊಂದೇ ಸಂಗತಿ ಅವನ ಕಣ್ಣಿಗೆ ಬೀಳತೊಡಗಿತು. ರೆನೇಯ ಸೀಟಿನ ಕಂಬಕ್ಕೆ ಎತ್ತರದ ಗುರುತಾಗಿ ಅವನು ಸುತ್ತಿದ್ದ ಕಪ್ಪು ಟೇಪು ಈಗ ಒಂದು ಬೆರಳಿನಷ್ಟು ಮೇಲೆ ಬಂದಿತ್ತು.

"ಯಾರು ಎತ್ತಿದ್ದು ಇದನ್ನ?"

"ಅರ್ಡೆಲ್. ಮಂಡಿ ಜಾಸ್ತಿ ಮಡಚ್ತಿದೆ, ಅದಕ್ಕೇ ನಿನಗೆ ತೊಡೆ ಹಿಡಿಯೋದು ಅಂದ್ಲು. ಸರಿಯಾಗಿತ್ತು."

ಅಂದರೆ ಐದು ವರ್ಷ ಅವನು ಅದನ್ನು ತಪ್ಪು ಎತ್ತರದಲ್ಲಿ ಇಟ್ಟಿದ್ದ. ಕಡಲೆಬೀಜದ ಮಿಠಾಯಿ ಬಿಟ್ಟು ರೆನೇ ಈಗ ಉಪ್ಪು ಹಾಕಿ ಬೇಯಿಸಿದ ಸಣ್ಣ ಆಲೂಗಡ್ಡೆಗಳನ್ನು ಜೇಬಿನಲ್ಲಿ ತುಂಬಿಕೊಂಡು ಹೋಗುತ್ತಿದ್ದಳು. ಅದೂ ಅರ್ಡೆಲ್ ಹೇಳಿದ್ದು. ಟೈರಿನ ಗಾಳಿ ಎಷ್ಟಿರಬೇಕೆಂದು ಮಾತ್ರ ಅವನನ್ನು ಕೇಳುತ್ತಿದ್ದಳು. ಒಂದು ದಿನ ಅದನ್ನೂ ಕೇಳಲಿಲ್ಲ.

ಭಾನುವಾರ ಮೀನು ಹಿಡಿಯಲು ಹೋಗುತ್ತೇನೆಂದು ಹೇಳಿ ಅವನು ಟ್ರಕ್ಕಿನ ಹಿಂದೆ ಟಾರ್ಪಾಲಿನ ಕೆಳಗೆ ಸೈಕಲ್ ಇಟ್ಟುಕೊಂಡು ಟೊರ್ವಿಕ್‌ಗೆ ಹೋದ. ಎರಡು ಸಲ ಕಾಲು ಕೆಳಗಿಡಬೇಕಾಯಿತು. ಉಸಿರು ತಹಬಂದಿಗೆ ಬಂದ ಮೇಲೆ ಅವನು ಆ ಎರಡೂ ಜಾಗಕ್ಕೆ ಹಿಂದಿರುಗಿ, ತನ್ನ ಶೂ ಗುರುತುಗಳನ್ನು ಕಾಲಿನಿಂದ ಒರಸಿ ಅಳಿಸಿದ. ರೆನೇಯೂ ಇಪ್ಪತ್ತೊಂಬತ್ತು ವರ್ಷ ರಸ್ತೆಯವನ ಜೊತೆ ಬಾಳಿದವಳು, ಗುರುತು ಓದಬಲ್ಲಳು. ಮೀನಿಲ್ಲದೆ ಮನೆಗೆ ಬಂದ. ಅವಳು ಮೀನು ಕೇಳಲಿಲ್ಲ.

ಸೋಲ್‌ಬರ್ಗ್ ನೂರು ಶನಿವಾರವಿತ್ತು. ಅದರ ಹಿಂದಿನ ಬುಧವಾರ ವರ್ಲಿನ್ ಲೂಥರನ್ ಚರ್ಚಿನ ನೆಲಮಾಳಿಗೆಗೆ ಹೋದ. ಪ್ರತಿ ವರ್ಷ ಹೋಗುತ್ತಾನೆ: ಯಾವ ರಸ್ತೆ ಹೇಗಿದೆ ಎಂದು ಅವನು ಹೇಳುತ್ತಾನೆ, ಸ್ಪರ್ಧೆ ನಡೆಸುವ ಕರ್ಟಿಸ್ ಬ್ಲೈ ಬರೆದುಕೊಳ್ಳುತ್ತಾನೆ. ಕರ್ಟಿಸ್ ಊರಿನ ಮೇವಿನಂಗಡಿಯವನು. ಮಾತು ಮುಗಿದ ಮೇಲೆ ಅವನ ಹೆಂಡತಿ ಮಾಡಿದ, ಹುಳಿ ದಂಟಿನ ರೂಬಾರ್ಬ್ ಪೈ ತಿನ್ನುವುದು ವಾಡಿಕೆ.

ಬಂದ ನಾನೂರು ಚಿಲ್ಲರೆ ಪೋಸ್ಟ್‌ಕಾರ್ಡುಗಳನ್ನೂ ನೆಲಮಾಳಿಗೆಯ ಗೋಡೆಗೆ ಚುಚ್ಚಿದ್ದರು. ಎಡಗಡೆ ನೂರು ಮೈಲಿಯವು, ಬಲಗಡೆ ನೂರರವತ್ತರವು. ಹಿಂದಿನ ವರ್ಷಗಳಲ್ಲಿ ಗಂಡಹೆಂಡತಿಯ ಎರಡೂ ಕಾರ್ಡನ್ನು ವರ್ಲಿನ್‌ನೇ ಬರೆಯುತ್ತಿದ್ದ. ಈ ಜನವರಿಯಲ್ಲಿ ರೆನೇ, "ನಂದು ನಾನೇ ಹಾಕ್ದೆ," ಎಂದಿದ್ದಳು. ತನ್ನ ಕಾರ್ಡು ಅವನಿಗೆ ಬೇಗ ಸಿಕ್ಕಿತು. ಅವಳದು ಎಡಗಡೆ ಎಲ್ಲೂ ಇರಲಿಲ್ಲ. ಬಲಗಡೆಯ ಮೂರನೇ ಸಾಲಿನಲ್ಲಿತ್ತು, ವಾಲೈ ಮೀನಿನ ಚಿತ್ರದ ಕಾರ್ಡು. ಯಾಕೆ ಬರುತ್ತೀರಿ ಎಂಬುದಕ್ಕೆ ಅವಳು ಬರೆದದ್ದು: ಒಂದು ಸಲ ಯಾರಿಗೂ ಕಾಯದೆ ಹೋಗಬೇಕು ಅಂತ.

"ದೊಡ್ಡ ಸುತ್ತಿಗೆ ನಿಮ್ಮ ಮನೆಯವಳೇ ಈ ಸಲ ಊರಿನ ಮರ್ಯಾದೆ," ಎಂದ ಕರ್ಟಿಸ್ ಹಿಂದಿನಿಂದ. "ಅವಳು, ಅರ್ಡೆಲ್. ನಿನಗೆ ಹೆಮ್ಮೆ ಆಗಿರ್ಬೇಕು."

"ಆಗಿದೆ," ಎಂದ ವರ್ಲಿನ್. ಪೈಯನ್ನು ಅರ್ಧದಲ್ಲೇ ಬಿಟ್ಟ.

ಮನೆಯಲ್ಲಿ ಅದರ ಬಗ್ಗೆ ಏನೂ ಹೇಳಲಿಲ್ಲ.

ಸ್ಪರ್ಧೆಯ ರಸ್ತೆಗಳಿಗೆ ಅವನು ಹತ್ತು ಹನ್ನೆರಡು ದಿನ ಮುಂಚೆ, ಮಳೆಯ ಮಾರನೇ ದಿನ ಬ್ಲೇಡ್ ಹಾಕುತ್ತಾನೆ. ಆಮೇಲೆ ಅವುಗಳನ್ನು ಮುಟ್ಟುವುದಿಲ್ಲ. ತೇವವಿದ್ದಾಗ ಕೆರೆದರೆ ಜಲ್ಲಿ ಮಣ್ಣಿನೊಂದಿಗೆ ಕೂಡಿಕೊಂಡು ಗಟ್ಟಿಯಾಗಿ ಕೂರುತ್ತದೆ. ಒಣಗಿದ್ದಾಗ ಕೆರೆದರೆ ಮಣ್ಣು ಧೂಳಾಗಿ ಹಾರಿಹೋಗಿ ಬರೀ ಕಲ್ಲು ಗೋಲಿಗಳ ಹಾಗೆ ಉಳಿಯುತ್ತದೆ. ಈ ಸಲವೂ ಮೇ ಮೊದಲ ವಾರದ ಮಳೆಗೆ ಸರಿಯಾಗಿ ಕೆಲಸ ಮುಗಿಸಿದ್ದ. ಟೊರ್ವಿಕ್ ಚೆನ್ನಾಗಿ ಕೂತಿದ್ದರಿಂದ ಅದನ್ನು ಕೆರೆದಿರಲಿಲ್ಲ. ಮುಂದೆ ಹನ್ನೊಂದು ದಿನ ಹನಿ ಬೀಳಲಿಲ್ಲ.

ಗುರುವಾರ ಮಧ್ಯಾಹ್ನ ಎರಡಕ್ಕೆ ಅವನು ಗ್ರೇಡರನ್ನು ಟೊರ್ವಿಕ್‌ಗೆ ತಿರುಗಿಸಿದ. ನೂರು ಮೈಲಿಯ ದಾರಿ ಆ ಗುಡ್ಡಕ್ಕೆ ಹೋಗುವುದಿಲ್ಲ. ದೊಡ್ಡ ಸುತ್ತಿನವರು ಮಾತ್ರ ನೂರ ಮೂವತ್ತನೇ ಮೈಲಿಯಲ್ಲಿ, ಕಾಲು ಸೋತ ಹೊತ್ತಿಗೆ, ಅದನ್ನು ಹತ್ತಬೇಕು. ಬುಡದಲ್ಲಿ ಬ್ಲೇಡ್ ಇಳಿಸಿ ಅವನು ಗಂಟೆಗೆ ನಾಲ್ಕು ಮೈಲಿಯಂತೆ ಮೇಲಕ್ಕೆ ಹೋದ. ಹಿಂದೆ ಧೂಳು ಎದ್ದು ಓಕ್ ಮರಗಳ ಮೇಲೆ ಕೂತಿತು. ರಸ್ತೆಯ ಬಲ ಅರ್ಧ ಪೂರ್ತಿ ಸಡಿಲವಾಗಿ, ನಡುವಿನಲ್ಲಿ ಗೇಣೆತ್ತರದ ಜಲ್ಲಿಯ ಸಾಲು ಎದ್ದು ನಿಂತಿತು.

ಎಡ ಅರ್ಧ ಕೆರೆಯಲೆಂದು ತುದಿಯಲ್ಲಿ ಗ್ರೇಡರನ್ನು ಹಿಂದಕ್ಕೆ ತಿರುಗಿಸಿದಾಗ ಕೆಳಗೆ ರೆನೇ ಕಂಡಳು. ಶಾಲೆಯ ಅಡುಗೆಮನೆಯ ಕೆಲಸ ಒಂದೂವರೆಗೆ ಮುಗಿಯುತ್ತದೆ. ಅವಳು ಒಬ್ಬಳೇ ಇದ್ದಳು. ಗಟ್ಟಿಯಾಗಿದ್ದ ಎಡ ಅರ್ಧವನ್ನು ಬಿಟ್ಟು, ಬೇಕೆಂದೇ ಬಲಗಡೆಯ ಸಡಿಲ ಜಲ್ಲಿಯಲ್ಲಿ ಹತ್ತತೊಡಗಿದಳು. ತಿರುವಿನಲ್ಲಿ ಹಿಂದಿನ ಚಕ್ರ ಕಲ್ಲು ಚಿಮ್ಮಿಸಿ ನಿಂತಲ್ಲೇ ಸುತ್ತಿತು. ಅವಳು ಕಾಲು ಕೆಳಗಿಟ್ಟಳು. ಮತ್ತೆ ಹತ್ತಲು ನೋಡಿದಳು, ಆಗಲಿಲ್ಲ. ತಳ್ಳಿಕೊಂಡು ಬರತೊಡಗಿದಳು. ವರ್ಲಿನ್‌ಗೆ ಖುಷಿಯಾಯಿತು. ಅದನ್ನು ಅವನು ಆಮೇಲೆ ತಾನಾಗಿಯೇ ಹೇಳಿಕೊಂಡ: ಅವಳು ಕಾಲಿಟ್ಟಾಗ ಖುಷಿಯಾಯಿತು, ಅವಳು ಹತ್ತಿರ ಬಂದು ಮುಖ ಕಾಣುವವರೆಗೂ ಅದು ಇತ್ತು.

ಅವಳು ಸೈಕಲ್ಲನ್ನು ಗ್ರೇಡರಿನ ದೊಡ್ಡ ಚಕ್ರಕ್ಕೆ ಒರಗಿಸಿದಳು. ಅವನು ಬಾಗಿಲು ತೆಗೆದ.

"ಮಳೆ ಬಂದು ಎಷ್ಟು ದಿನ ಆಯ್ತು, ವರ್ಲ್?"

"ಹನ್ನೊಂದು."

"ಇಪ್ಪತ್ತಾರು ವರ್ಷದಲ್ಲಿ ಒಣ ರಸ್ತೆಗೆ ಎಷ್ಟು ಸಲ ಬ್ಲೇಡ್ ಹಾಕಿದ್ದೀಯ?"

ಅವನು ಕೈಗವಸು ತೆಗೆದು ಮತ್ತೆ ಹಾಕಿಕೊಂಡ. "ತಿರುವಿನಲ್ಲಿ ಅಲೆ ಎದ್ದಿತ್ತು."

"ಎದ್ದಿರ್ಲಿಲ್ಲ. ಸೋಮವಾರ ನಾನೇ ಹತ್ತಿದ್ದೀನಿ." ಅವಳು ನೀರು ಕುಡಿದಳು. "ಗೋಡೆ ನೋಡಿದ್ಯಾ?"

"ನೋಡ್ದೆ. ಮೀನಿನ ಕಾರ್ಡು."

"ಜನವರಿಯಿಂದ ಹೇಳ್ಬೇಕು ಅಂತಾನೇ ಇದ್ದೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನೂ ದೊಡ್ಡ ಸುತ್ತು ಅಂತ ಬರೀತಿದ್ದೆ. ನೂರನೇ ಮೈಲಿಗೆ ನಿನ್ನ ಮಂಡಿ ಕೈಕೊಡ್ತಿತ್ತು. ನಾನು ನಿಲ್ತಿದ್ದೆ."

"ನಿಲ್ಲು ಅಂತ ನಾನು ಯಾವತ್ತೂ ಹೇಳಿಲ್ಲ."

"ಹೇಳಿಲ್ಲ. ಮೇಲೆ ಬಂದಾಗ ನಾನು ಅಲ್ಲಿ ಇಲ್ದೇ ಇದ್ರೆ ನಿನ್ನ ಮುಖ ಹೇಗಾಗ್ತಿತ್ತು ಅಂತ ನನಗೊತ್ತು."

"ಕಾಯೋದು ಅಷ್ಟು ಕಷ್ಟ ಆಗ್ತಿತ್ತಾ?"

"ಬೆವರು ಆರಿ ಚಳಿ ಹಿಡೀತಿತ್ತು," ಎಂದಳು.

ಎಂಜಿನ್ ಗುಡುಗುಡು ಅನ್ನುತ್ತಲೇ ಇತ್ತು.

"ಅರ್ಡೆಲ್‌ಗೆ ಕಾಯಲ್ವಾ?"

"ಅವಳಿಗೆ ನಾನು ಕಾಯೋ ಹಾಗಿಲ್ಲ, ನನಗೆ ಅವಳೂ ಕಾಯಲ್ಲ. ಆಗ್ಲೇ ಹೇಳಿದ್ದಾಳೆ, ಪಂಕ್ಚರ್ ಆದ್ರೆ ಹಾಕ್ಕೊಂಡು ಹಿಂದಿನಿಂದ ಬಾ ಅಂತ." ರೆನೇ ಕೆಳಗೆ ಕೈ ತೋರಿಸಿದಳು. ಅರ್ಧ ಕೆರೆದ ರಸ್ತೆ, ನಡುವೆ ಎದ್ದ ಜಲ್ಲಿಯ ಸಾಲು. "ಇದನ್ನ ಏನ್ ಮಾಡ್ತೀಯ ಈಗ?"

ಅವನ ಉತ್ತರಕ್ಕೆ ಅವಳು ನಿಲ್ಲಲಿಲ್ಲ. ಆ ದಿನದ ಇನ್ನೂ ಇಪ್ಪತ್ತೈದು ಮೈಲಿ ಬಾಕಿಯಿತ್ತು. ಗುಡ್ಡದ ಆ ಕಡೆಯ ಇಳಿಜಾರಿನಲ್ಲಿ ಇಳಿದು ಹೋದಳು.

ಹತ್ತು ನಿಮಿಷ ಕೂತಿದ್ದು ವರ್ಲಿನ್ ಓರಿನ್‌ಗೆ ಫೋನ್ ಮಾಡಿದ.

"ನೀರಿನ ಟ್ಯಾಂಕರ್ ತಗೊಂಡು ಟೊರ್ವಿಕ್‌ಗೆ ಬಾ."

"ಆ ಗುಡ್ಡಕ್ಕೆ ಏನಾಗಿದೆ?"

"ಒಣಗಿದೆ."

"ಇಡೀ ಕೌಂಟೀನೇ ಒಣಗಿದೆ ಮಾರಾಯ."

"ನೀನು ಬಾ, ಓರಿನ್."

ಓರಿನ್ ಬಂದ. ಬುಡದಲ್ಲಿ ಇಳಿದು, ಸೊಂಟದ ಮೇಲೆ ಕೈಯಿಟ್ಟು ರಸ್ತೆಯನ್ನು ಮೇಲಿನವರೆಗೂ ನೋಡಿದ. ಕೆಲಸ ಬಲ್ಲವನಿಗೆ ವಿವರಣೆ ಬೇಕಿರಲಿಲ್ಲ.

"ಹೊಟ್ಟೆಕಿಚ್ಚು ಬೇಕಾದಷ್ಟು ನೋಡಿದ್ದೀನಿ," ಎಂದ. "ಒಂದೂಕಾಲು ಮೈಲಿ ಉದ್ದದ್ದು ಇದೇ ಮೊದಲು."

"ನೀರು ಬಿಡು."

"ಬಿಡ್ತೀನಿ ತಡಿ. ಸ್ವಲ್ಪ ನೋಡ್ಕೊಳ್ತೀನಿ."

ನಡುವಿನ ಸಾಲನ್ನು ಮತ್ತೆ ಹರಡಿ, ಎರಡು ಟ್ಯಾಂಕರ್ ನೀರು ಹಾಕಿ, ಗ್ರೇಡರಿನ ಚಕ್ರಗಳನ್ನೇ ಹಿಂದೆ ಮುಂದೆ ಉರುಳಿಸಿ ತುಳಿಸಿದರು. ಸಂಜೆ ಆರಾಯಿತು. ಮುಕ್ಕಾಲು ಪಾಲು ಕೂತಿತು. ತಿರುವಿನಲ್ಲಿ ಮಾತ್ರ, ಎಷ್ಟು ತುಳಿದರೂ, ಬಲಗಡೆ ಎರಡು ಗೇಣು ಅಗಲದ ಪಟ್ಟಿ ಸಡಿಲವಾಗಿಯೇ ಉಳಿಯಿತು. ಶುಕ್ರವಾರ ಬೆಳಿಗ್ಗೆ ವರ್ಲಿನ್ ಚರ್ಚಿಗೆ ಹೋಗಿ, ದೊಡ್ಡ ಸುತ್ತಿನವರ ದಾರಿಯ ಚೀಟಿಯಲ್ಲಿ ಒಂದು ಸಾಲು ಸೇರಿಸುವಂತೆ ಕರ್ಟಿಸ್‌ಗೆ ಹೇಳಿದ: ಟೊರ್ವಿಕ್ ತಿರುವಿನಲ್ಲಿ ಎಡಕ್ಕೆ ಇರಿ. ಯಾಕೆಂದು ಕರ್ಟಿಸ್ ಕೇಳಿದ. ತಾನು ಕೆಡಿಸಿದ್ದರಿಂದ ಎಂದ ವರ್ಲಿನ್. ಕರ್ಟಿಸ್ ಬರೆದುಕೊಂಡ.

ಶುಕ್ರವಾರ ಸಂಜೆ ಅಡುಗೆಮನೆಯಲ್ಲಿ ರೆನೇ ಆಲೂಗಡ್ಡೆ ಬೇಯಿಸುತ್ತಿದ್ದಳು. ಅರ್ಡೆಲ್ ಬಂದು ಮೇಜಿನ ಮುಂದೆ ಉದ್ದಕ್ಕೆ ಕಾಲು ಚಾಚಿ ಕೂತಳು. ಅವಳ ಕಾರಿನ ಸೈಕಲ್ ಸ್ಟ್ಯಾಂಡು ಮುರಿದಿತ್ತು. ಸೈಕಲ್ಲನ್ನು ಇವರ ಗ್ಯಾರೇಜಿನಲ್ಲಿ ಬಿಟ್ಟಿದ್ದಳು. ರೆನೇ ಟೈರಿನ ಗಾಳಿ ನೋಡಲು ಹೊರಗೆ ಹೋದಾಗ ಅರ್ಡೆಲ್ ಕೇಳಿದಳು.

"ಏನಪ್ಪಾ ವರ್ಲಿನ್, ನನ್ನ ಮೇಲೆ ಕೋಪಾನಾ?"

"ಕೋಪ ಇಲ್ಲ."

"ಮತ್ತೇನು?"

"ಹೊಟ್ಟೆಕಿಚ್ಚು."

"ಹೂಂ." ಅವಳು ಆ ಮಾತನ್ನು ಲಕೋಟೆಯ ವಿಳಾಸ ನೋಡುವ ಹಾಗೆ ನೋಡಿದಳು. "ಅದಾದ್ರೆ ಇರ್ಲಿ ಬಿಡು. ಆ ಉಪ್ಪು ಈ ಕಡೆ ಕೊಡು."

ಅವನು ಕೊಟ್ಟ. ಹೊಟ್ಟೆಕಿಚ್ಚು ಹೋಗಿರಲಿಲ್ಲ. ಅವಳು ಆಲೂಗಡ್ಡೆಗೆ ಉಪ್ಪು ಸವರುವುದನ್ನು ನೋಡುತ್ತಾ ಕೂತ, ಮುಂದಿನ ಸಲಕ್ಕೆ ಇರಲಿ ಎಂದು ಎಷ್ಟು ಹಾಕುತ್ತಾಳೆಂದು ಗಮನಿಸಿದ.

ನೂರರವತ್ತ‌ರವರು ಶನಿವಾರ ಬೆಳಿಗ್ಗೆ ಆರಕ್ಕೆ ಹೊರಡುತ್ತಾರೆ, ನೂರರವರು ಎಂಟಕ್ಕೆ. ವರ್ಲಿನ್ ನಾಲ್ಕೂವರೆಗೆ ಅಲಾರಂ ಇಟ್ಟಿದ್ದಾನೆ. ಮೂರು ಸೈಕಲ್ಲುಗಳೂ ಅವನ ಟ್ರಕ್ಕಿನಲ್ಲೇ ಹೋಗಬೇಕು.